ಮಣಿಕಟ್ಟು

ತ್ರಿಯೆಸ್ತೆಯ ಆಸ್ಪತ್ರೆ, ನೆಲಮಾಳಿಗೆ, ಎಕ್ಸ್‌ರೇ ಕೋಣೆ.
ಹೊರಗೆ ಬೋರಾ ಗಾಳಿ. ಹಿಂದೆಲ್ಲ ಬೀದಿಯುದ್ದ ಹಗ್ಗ ಕಟ್ಟುತ್ತಿದ್ದರಂತೆ,
ಜನ ಹಿಡಿದುಕೊಂಡು ನಡೆಯಲಿ ಅಂತ.

ಓರ್ನೆಲ್ಲಾ ಹೇಳುತ್ತಾಳೆ: ಎಡಗೈ ಕೊಡು.
ದುಭಾಷಿ ಕುಲ್ಸುಮ್ ಅದನ್ನವನ ಮಾತಿಗೆ ದಾಟಿಸುತ್ತಾಳೆ.
ನಮ್ಮ ಮಾತಿನಲ್ಲಿ ಕೈ ಕೊಡುವುದೆಂದರೆ ಬೇರೆ;
ಅದನ್ನು ಆ ಹುಡುಗನಿಗೆ ಹೇಳುವವರು ಅಲ್ಲಿ ಯಾರೂ ಇಲ್ಲ.

ಹೆಸರು ಜಮಾನ್. ಕಾಲ ಎಂದರ್ಥ.
ವಯಸ್ಸು? ಹದಿನಾರು, ಅನ್ನುತ್ತಾನೆ.
ಯಾವ ತಿಂಗಳು? ಅಮ್ಮ ಹೇಳಿದ್ದು ಇಷ್ಟೇ:
ತೋಳ ಕುರಿದೊಡ್ಡಿಗೆ ನುಗ್ಗಿದ ಚಳಿಗಾಲ,
ಹಿಪ್ಪುನೇರಳೆ ಹಣ್ಣಾಗದೆ ಉದುರಿದ ಮಾರನೆಯ ವರ್ಷ.
ಫಾರಮ್ಮಿನಲ್ಲಿ ತೋಳಕ್ಕೆ ಜಾಗವಿಲ್ಲ.
ಜನವರಿ ಒಂದು ಅಂತ ಯಾರೋ ತುಂಬಿದ್ದಾರೆ,
ಗಡಿ ದಾಟಿದವರೆಲ್ಲ ಹುಟ್ಟುವುದು ಅವತ್ತೇ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಅಂಗೈಯ ವಯಸ್ಸಿಗೆ ಬೇಕಂತೆ, ನ್ಯಾಯಾಲಯಕ್ಕೆ.

ತಣ್ಣನೆಯ ಹಲಗೆಯ ಮೇಲೆ ಕೈ ಹರಡುತ್ತಾನೆ.
ಬೆರಳು ಅಗಲಿಸು. ಇನ್ನೂ. ಕಿರುಬೆರಳು ಕೇಳುವುದಿಲ್ಲ.
ಉಸಿರು ಬಿಗಿಹಿಡಿಯುತ್ತಾನೆ. ಹಿಡಿಯಬೇಕಿಲ್ಲ, ಕೈಗೆ ಉಸಿರಿಲ್ಲ,
ಅನ್ನಬೇಕೆಂದುಕೊಂಡು ಅವಳು ಸುಮ್ಮನಾಗುತ್ತಾಳೆ.
ಟಕ್.

ಪರದೆಯ ಮೇಲೆ ಮೂಡುತ್ತದೆ ಕೈಯೊಳಗಿನ ಕೈ.
ಬೆರಳುಗಳು, ಎಳೆಗಬ್ಬನ್ನು ಗೆಣ್ಣಿಗೆ ಗೆಣ್ಣಿಗೆ ಕಡಿದಿಟ್ಟಂತೆ;
ಅಂಗೈಯ ಐದು ಕಡ್ಡಿ; ಅದರ ಬುಡಕ್ಕೆ ಮಣಿಕಟ್ಟು.
ಹಾಗೆಂದು ಮೊದಲು ಕರೆದವರು ಯಾರೋ ಒಳಗಿಣುಕಿ ಬಂದಿರಬೇಕು:
ನಿಜಕ್ಕೂ ಮಣಿಗಳೇ, ದಾರ ಕಾಣದೆ ಕೂಡಿದವು,
ಒಂದೂ ದುಂಡಗಿಲ್ಲ, ಒಂದೂ ಇನ್ನೊಂದರಂತಿಲ್ಲ.

ಓರ್ನೆಲ್ಲಾ ಹುಡುಕುವುದು ಬೇರೆ. ಮುಂಗೈ ಮೂಳೆಯ ತುದಿಯಲ್ಲಿ
ಒಂದು ಕಪ್ಪು ಗೆರೆ, ಎಲುಬು ಬೆಳೆಯುವ ಬಿರುಕು.
ತೆರೆದಿದ್ದರೆ ಮಗು: ಹಾಸಿಗೆ, ಶಾಲೆ, ಬಿಸಿ ಸೂಪು.
ಮುಚ್ಚಿದ್ದರೆ ಗಂಡಸು: ತಿರುಗಿ ಕಳಿಸುವ ಬಸ್ಸು.
ಇವನದು ಮುಚ್ಚಿಯೂ ಮುಚ್ಚಿಲ್ಲ,
ಇನ್ನೊಬ್ಬರು ಬರಬೇಕಿರುವ ಮನೆಯ ಬಾಗಿಲಿನ ಹಾಗೆ.

ಕಿರುಬೆರಳ ಬುಡದಲ್ಲಿ ಒಂದು ಗಂಟು:
ಮುರಿದು, ಯಾರೂ ಕೂಡಿಸದೆ, ತಾನೇ ಓರೆಯಾಗಿ ಕೂಡಿದ್ದು.
ಹೇಗಾಯ್ತು? ಮಗ್ಗದಿಂದ ಬಿದ್ದೆ.
ಅವರ ಕಡೆ ಮಗ್ಗ ನೆಲಕ್ಕೇ ಹಾಸಿರುತ್ತದೆ
ಎಂಬುದನ್ನು ಕುಲ್ಸುಮ್ ತರ್ಜುಮೆ ಮಾಡುವುದಿಲ್ಲ.
ಆರನೆಯ ವಯಸ್ಸಿಗೇ ರತ್ನಗಂಬಳಿಗೆ ಗಂಟು ಹಾಕಿದ ಕೈ ಅದು.
ದೊಣ್ಣೆ ಯಾವ ದೇಶದ್ದೆಂದು
ಎಲುಬಿನ ಮೇಲೆ ಬರೆದಿರುವುದಿಲ್ಲ,
ಅದನ್ನು ಕೇಳುವ ಕಾಲಮ್ಮೂ ಇಲ್ಲ.

ನಾನು ನೋಡಬಹುದಾ? ಅನ್ನುತ್ತಾನೆ.
ಗಂಟು ಎಣಿಸುವವನ ಹಾಗೆ ಸಾಲುಸಾಲಾಗಿ ಎಣಿಸುತ್ತಾನೆ. ಇಪ್ಪತ್ತಾರು.
ಇಪ್ಪತ್ತೇಳು, ಅನ್ನುತ್ತಾಳೆ ಓರ್ನೆಲ್ಲಾ,
ಒಂದರ ಮರೆಗೆ ಒಂದು ನಿಂತಿದೆ, ಇಗೋ ಇಲ್ಲಿ.
ಮಣಿಕಟ್ಟಿನಲ್ಲಿ ಎಲ್ಲಕ್ಕಿಂತ ತಡವಾಗಿ ಎಲುಬಾಗುವುದು ಅದೇ.
ಜಮಾನ್ ಮೊದಲ ಸಲ ನಗುತ್ತಾನೆ:
ಅದಕ್ಕೆಷ್ಟು ವಯಸ್ಸಂತೆ?

ಮೇಲೆ, ಎರಡನೆಯ ಮಹಡಿಯಲ್ಲಿ, ಡಾಕ್ಟರು ಪುಸ್ತಕ ತೆರೆದು ಹೋಲಿಸುತ್ತಾರೆ.
ಅದರ ತುಂಬ ಕೈಗಳು. ಬಹಳ ಹಿಂದೆ, ಎಲ್ಲೋ ಸಮುದ್ರದಾಚೆ
ಹಾಲು ಕುಡಿದು, ಹೊತ್ತಿಗೆ ಸರಿಯಾಗಿ ಮಲಗಿ ಬೆಳೆದ ಮಕ್ಕಳವು.
ಯಾವ ಕೈಗೂ ಹೆಸರಿಲ್ಲ.
ಬರೆಯುತ್ತಾರೆ: ಹದಿನೆಂಟು. ಎರಡು ವರ್ಷ ಹೆಚ್ಚು ಕಡಿಮೆ.
ಜಾಗೋರಿಯ ಬೆಟ್ಟದಿಂದ ಈ ಕಡಲವರೆಗೆ
ಲಾರಿಯಡಿ, ಕಾಡಿನಲ್ಲಿ, ಕಾಲ್ನಡಿಗೆಯಲ್ಲಿ ಬರಲು ಹಿಡಿದದ್ದೂ ಅಷ್ಟೇ,
ಎರಡು ವರ್ಷ. ಹೆಚ್ಚು ಕಡಿಮೆ.

ರಾತ್ರಿ ಬಸ್ಸಿಗೆ ಕಾಯುತ್ತ ಓರ್ನೆಲ್ಲಾ
ಗವಸು ಕಳಚಿ, ಕಿರುಬೆರಳ ದಾರಿ ಹಿಡಿದು ಕೆಳಗಿಳಿದು,
ಮಣಿಕಟ್ಟಿನ ಅಂಚಿನಲ್ಲಿ ಹೆಬ್ಬೆರಳೊತ್ತಿ ಹುಡುಕುತ್ತಾಳೆ.
ಸಿಗುತ್ತದೆ. ಬಟಾಣಿ ಕಾಳಿನಷ್ಟು.
ಕೈ ಸಡಿಲ ಬಿಟ್ಟರೆ ಅತ್ತಿತ್ತ ಸರಿಯುತ್ತದೆ,
ಬಿಗಿದರೆ ಇಲ್ಲ.
ಅವಳಿಗೆ ಅರವತ್ತೆರಡು. ಕಾಗದದಲ್ಲಿ ಹಾಗಿದೆ.